ಇಂಗ್ಲೆಂಡ್ ಕಾರ್ ಪ್ರವಾಸ: ಹೊರಡುವ ಮುಂಚೆ ಓದಿ

ಎಲ್ಲರಿಗೂ ನಮಸ್ಕಾರ. ಮೊದಲು ಕಾಟ್ಸ್‌ವೋಲ್ಡ್ಸ್, ಆಮೇಲೆ ಯಾರ್ಕ್‌ಶೈರ್ ಡೇಲ್ಸ್, ಕೊನೆಗೆ ಲೇಕ್ ಡಿಸ್ಟ್ರಿಕ್ಟ್. ಕಾಟ್ಸ್‌ವೋಲ್ಡ್ಸ್‌ನ ಬೈಬರಿ ಹಳ್ಳಿಗೆ ಬೆಳಿಗ್ಗೆ ಬೇಗ ಹೋಗೋಣ, ಹೊತ್ತೇರಿದರೆ ಕಾರು ನಿಲ್ಲಿಸಲು ಜಾಗ ಸಿಗುವುದು ಕಷ್ಟ. ಡೇಲ್ಸ್‌ನಲ್ಲಿ ರಿಬಲ್‌ಹೆಡ್ ರೈಲು ಸೇತುವೆಯ 24 ಕಮಾನುಗಳನ್ನು ನೋಡದೆ ಮುಂದೆ ಹೋಗುವುದು ಬೇಡ. ಲೇಕ್ ಡಿಸ್ಟ್ರಿಕ್ಟ್‌ನಲ್ಲಿ ಹಾರ್ಡ್‌ನಾಟ್ ಪಾಸ್ ಎಂಬ ಬೆಟ್ಟದ ದಾರಿ ಮಾತ್ರ ಬಿಟ್ಟುಬಿಡೋಣ: ಕೆಲವು ಕಡೆ 3 ಅಡಿ ಮುಂದೆ ಹೋದರೆ 1 ಅಡಿ ಏರು, ರಸ್ತೆ ಒಂದೇ ಕಾರಿನಷ್ಟು ಅಗಲ, ಮಳೆಯೂ ಬಂದರೆ ಮಕ್ಕಳನ್ನು ಕೂರಿಸಿಕೊಂಡು ಸುಮ್ನೆ ಯಾಕೆ ಅಪಾಯ ಅಲ್ವಾ? ಕರ್ಕ್‌ಸ್ಟೋನ್ ಪಾಸ್ ದಾಟಿ ಅಲ್ಸ್‌ವಾಟರ್ ಸರೋವರದ ಕಡೆಗೆ ಇಳಿಯೋಣ, ಆ ನೋಟ ತುಂಬಾ ಚೆಂದ. ಕಿರಿದಾದ ರಸ್ತೆಗಳಲ್ಲಿ 'ಪಾಸಿಂಗ್ ಪ್ಲೇಸ್' ಫಲಕ ಇರುವಲ್ಲಿ ಎದುರಿನವರಿಗೆ ದಾರಿ ಬಿಡಿ, ಫೋಟೋಗೆ ಅಂತ ಅಲ್ಲಿ ನಿಲ್ಲಿಸಬೇಡಿ. ಊರಿಂದ ಬರುವವರು ಭಾರತದ ಲೈಸೆನ್ಸ್‌ನಲ್ಲೇ 12 ತಿಂಗಳವರೆಗೆ ಓಡಿಸಬಹುದು, ಮೂಲ ಕಾರ್ಡ್ ತನ್ನಿ. ಯಾರ್ಯಾರು ಓಡಿಸುತ್ತೀರಿ ಅಂತ ಶುಕ್ರವಾರದೊಳಗೆ ಹೇಳಿ, ಬಾಡಿಗೆ ಕಾರಿನ ವಿಮೆಗೆ ಹೆಸರು ಸೇರಿಸಬೇಕು.