ಮಂಗಳವಾರದ ಸ್ತನ ತಪಾಸಣೆ: ಹೆಸರು ಕೊಡಿ
ಕುಂದವಾಡ ಕೆರೆ ವಾಕಿಂಗ್ ಗುಂಪಿನ ಎಲ್ಲ ಅಕ್ಕ ತಂಗಿಯರಿಗೆ ನಮಸ್ಕಾರ.

ಬರುವ ಮಂಗಳವಾರ ಬೆಳಿಗ್ಗೆ 10ಕ್ಕೆ ನಮ್ಮ ಬಡಾವಣೆಯ ಆರೋಗ್ಯ ಕೇಂದ್ರಕ್ಕೆ ಸ್ತನ ತಪಾಸಣೆಗೆ ಒಟ್ಟಿಗೆ ಹೋಗೋಣ. 30 ವರ್ಷ ದಾಟಿದವರೆಲ್ಲ ಬನ್ನಿ. ನರ್ಸ್ ಕೈಯಿಂದ ಮುಟ್ಟಿ ನೋಡುತ್ತಾರೆ, ಅಷ್ಟೇ. ಸರ್ಕಾರದ ಕಾರ್ಯಕ್ರಮ, ದುಡ್ಡಿಲ್ಲ. ಆಧಾರ್ ಕಾರ್ಡ್ ತನ್ನಿ.

ಇನ್ನೊಂದು ಮಾತು. ವಿಟಮಿನ್ ಮಾತ್ರೆ ನುಂಗಿದರೆ ಸ್ತನ ಕ್ಯಾನ್ಸರ್ ಬರಲ್ಲ ಎಂಬ ಮೆಸೇಜ್ ಗುಂಪಿನಲ್ಲಿ ಓಡಾಡುತ್ತಿದೆ. ದಯವಿಟ್ಟು ಅದನ್ನು ಮುಂದೆ ಕಳಿಸಬೇಡಿ. ಅಮೆರಿಕದಲ್ಲಿ 25 ಸಾವಿರಕ್ಕೂ ಜಾಸ್ತಿ ಜನರನ್ನು 5 ವರ್ಷ ಗಮನಿಸಿದರು. ಅರ್ಧ ಜನಕ್ಕೆ ವಿಟಮಿನ್ ಡಿ, ಉಳಿದವರಿಗೆ ಔಷಧವಿಲ್ಲದ ಮಾತ್ರೆ. ಸ್ತನ ಕ್ಯಾನ್ಸರ್ ಬಂದದ್ದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಕೊರತೆ ಇದೆ ಅಂತ ಡಾಕ್ಟರ್ ಬರೆದುಕೊಟ್ಟಿದ್ದರೆ ಆ ಮಾತ್ರೆ ಬಿಡಬೇಡಿ, ಅದು ಬೇರೆ ವಿಷಯ.

ಫೋಲೇಟ್ (ಒಂದು ಬಗೆಯ ಬಿ ವಿಟಮಿನ್), ಕ್ಯಾರೋಟಿನ್ (ದೇಹದಲ್ಲಿ ವಿಟಮಿನ್ ಎ ಆಗುವಂಥದ್ದು) ಎಲ್ಲ ಊಟದಲ್ಲೇ ಸಿಗುತ್ತದೆ. ಮೆಂತ್ಯ, ನುಗ್ಗೆ ಸೊಪ್ಪು, ರೊಟ್ಟಿ ಜೊತೆ ಹಸಿ ಹಕ್ಕರಿಕೆ ಸೊಪ್ಪು, ಹೆಸರುಕಾಳು, ಪಪ್ಪಾಯಿ. ಸೊಪ್ಪು ಬೇಯಿಸಿದ ನೀರು ಚೆಲ್ಲಬೇಡಿ, ಫೋಲೇಟ್ ಅದರಲ್ಲೇ ಇಳಿದಿರುತ್ತದೆ. ಸಾರಿಗೆ ಹಾಕಿ. ಹಾಗಂತ ಸೊಪ್ಪು ತಿನ್ನುತ್ತೇನೆ, ತಪಾಸಣೆ ಬೇಡ ಅನ್ನಬೇಡಿ. ಚೆನ್ನಾಗಿ ಉಣ್ಣುವವರಿಗೂ ಈ ಕಾಯಿಲೆ ಬರುತ್ತದೆ, ಅಲ್ವಾ?

ಗಂಟು, ತೊಟ್ಟು ಒಳಕ್ಕೆ ಎಳೆದುಕೊಂಡಿರುವುದು, ರಕ್ತ ಸೋರುವುದು, ಚರ್ಮ ಕಿತ್ತಳೆ ಸಿಪ್ಪೆಯಂತಾಗುವುದು ಕಂಡರೆ ಮಂಗಳವಾರದವರೆಗೂ ಕಾಯಬೇಡಿ. ನೋವಿಲ್ಲ ಅಂತ ಸುಮ್ನೆ ಕೂರಬೇಡಿ. ಇಂದೇ ಡಾಕ್ಟರ್ ಹತ್ತಿರ ಹೋಗಿ.

ಬರುವವರು ಭಾನುವಾರ ಸಂಜೆಯೊಳಗೆ ಇಲ್ಲಿ ಹೆಸರು ಹಾಕಿ. ಸಂಕೋಚ ಇದ್ದರೆ ನನಗೊಬ್ಬಳಿಗೇ ಮೆಸೇಜ್ ಮಾಡಿ. ಅತ್ತೆ, ನಾದಿನಿಯನ್ನೂ ಕರೆತನ್ನಿ.