ಸ್ಟಿಕ್ಕರಿನ ಬದಲು ಚಿಪ್: ನಮ್ಮ ಗ್ರಾಹಕರಿಗೆ ಒಂದು ಪತ್ರ

ಭೋಸರಿ, ಪುಣೆ

ಮಾನ್ಯ ಗ್ರಾಹಕರಿಗೆ ನಮಸ್ಕಾರಗಳು.

ಈ ತಿಂಗಳಿನಿಂದ ನಮ್ಮ ಪ್ರತಿಯೊಂದು ಕಂಟ್ರೋಲ್ ಬೋರ್ಡಿನ (ಯಂತ್ರವನ್ನು ನಡೆಸುವ ಸರ್ಕ್ಯೂಟ್ ಬೋರ್ಡಿನ) ಮೇಲೂ ಅದರ ಗುರುತಿನ ನಂಬರು ಇರುತ್ತಿದ್ದ ಸ್ಟಿಕ್ಕರಿನ ಬದಲು ಡಿಎಸ್2431 ಎಂಬ ಸಣ್ಣ ಮೆಮೊರಿ ಚಿಪ್ ಇರುತ್ತದೆ, ಬೋರ್ಡಿನ ಬೆಲೆಯೂ 60 ರೂಪಾಯಿ ಏರಿದೆ. ಮುಂಚಿತವಾಗಿ ತಿಳಿಸದೆ ನೇರವಾಗಿ ಬಿಲ್ಲಿನಲ್ಲೇ ಕಾಣಿಸಿದ್ದು ನಮ್ಮ ತಪ್ಪು. ಅದಕ್ಕೆ ಕ್ಷಮೆ ಕೋರುತ್ತೇವೆ. ಚಿಪ್ ಹಾಕಿದ್ದಕ್ಕೆ ಮಾತ್ರ ಕೋರುವುದಿಲ್ಲ.

ಲೋಹ ಕತ್ತರಿಸುವಾಗ ಬಳಸುವ ಕಟಿಂಗ್ ಆಯಿಲ್ ತಾಗಿದ ಸ್ಟಿಕ್ಕರಿನ ಗತಿ ಏನಾಗುತ್ತದೆಂದು ಬೆಳಗಾವಿಯ ಉದ್ಯಮಬಾಗ್ ಕೈಗಾರಿಕಾ ಪ್ರದೇಶದವರಿಗೆ ಹೇಳಬೇಕಾಗಿಲ್ಲ. ನಿಮ್ಮ ಆಪರೇಟರ್ ಪ್ಯಾನಲ್ಲಿನೊಳಗೆ ತಲೆ ತೂರಿಸಿ, ಟಾರ್ಚ್ ಹಿಡಿದು, "ಇದು ಎಂಟೋ, ಬಿ ಅಕ್ಷರವೋ" ಎಂದು ಫೋನಿನಲ್ಲಿ ತಡವರಿಸುವುದು, ನಾವು ಬೇರೆ ರಿವಿಜನ್ನಿನ (ತಿದ್ದಿದ ಆವೃತ್ತಿಯ) ಬೋರ್ಡನ್ನು ರಾತ್ರಿ ಬಸ್ಸಿಗೆ ಹಾಕಿಬಿಡುವುದು, ಎರಡೂ ಕಡೆಯವರಿಗೆ ಸಾಕಾಗಿದೆ. ಈ ಚಿಪ್ಪಿನಲ್ಲಿ ತಯಾರಕರೇ ಬರೆದ 64 ಬಿಟ್‌ಗಳ ಗುರುತು ಇದೆ. ಅದರಲ್ಲಿ 48 ಬಿಟ್ ಕ್ರಮಸಂಖ್ಯೆ, ಇನ್ನೊಂದು ಚಿಪ್ಪಿಗೆ ಬಾರದ ಸಂಖ್ಯೆ. ಅದನ್ನು ನಾವೂ ತಿದ್ದಲಾರೆವು. ಈ ಗುರುತಲ್ಲದೆ ಚಿಪ್ಪಿನಲ್ಲಿರುವ 128 ಬೈಟ್ ಜಾಗದಲ್ಲಿ ಮಾಡೆಲ್, ರಿವಿಜನ್ ಮತ್ತು ಟೆಸ್ಟ್ ಮಾಡಿದ ದಿನಾಂಕವನ್ನು ಬರೆದು, ಆಮೇಲೆ ತಿದ್ದಲಾಗದಂತೆ ಲಾಕ್ ಮಾಡುತ್ತೇವೆ.

"ಬೇರೆಯವರು ರಿಪೇರಿ ಮಾಡದ ಹಾಗೆ ಬೀಗ ಹಾಕಿದ್ದೀರಿ" ಎಂಬ ಮಾತನ್ನು ಈ ಮೂರು ವಾರಗಳಲ್ಲಿ ಎಷ್ಟು ಸಲ ಕೇಳಿದ್ದೇವೋ ಲೆಕ್ಕವಿಲ್ಲ. ಬೋರ್ಡನ್ನು ಕೈಯಲ್ಲಿ ಹಿಡಿದು ನೋಡಿ: ಚಿಪ್ಪಿನಿಂದ ಹೊರಟ ಎರಡು ಟ್ರ್ಯಾಕುಗಳು (ತಾಮ್ರದ ಗೆರೆಗಳು) ಅಂಚಿನಲ್ಲಿರುವ ಎರಡು ಪ್ಯಾಡುಗಳಿಗೆ ಹೋಗಿ ನಿಲ್ಲುತ್ತವೆ, ಒಂದು ಡೇಟಾ, ಒಂದು ಗ್ರೌಂಡ್. ಪ್ರೊಸೆಸರಿಗೂ ಅದಕ್ಕೂ ಸಂಪರ್ಕವೇ ಇಲ್ಲ. ಚಿಪ್ಪನ್ನು ಕಿತ್ತು ಹಾಕಿದರೂ ಯಂತ್ರ ಎಂದಿನಂತೆ ಓಡುತ್ತದೆ. ಓದುವುದಕ್ಕೆ ನಮ್ಮ ರೀಡರೇ ಬೇಕೆಂದಿಲ್ಲ. ಆರ್ಡುಯಿನೋ ಎಂಬ ಒಂದು ಸಣ್ಣ ಪ್ರೋಗ್ರಾಮಿಂಗ್ ಬೋರ್ಡ್, 2.2 ಕಿಲೋ ಓಮ್‌ನ ಒಂದು ರೆಸಿಸ್ಟರ್ ಸಾಕು, ಯಾವ ಬೈಟಿನಲ್ಲಿ ಏನಿದೆ ಎಂಬ ಪಟ್ಟಿಯನ್ನು ಕೇಳಿದವರಿಗೆಲ್ಲ ಕೊಡುತ್ತೇವೆ. ಚಿಪ್ ತನಗೆ ಬೇಕಾದ ವಿದ್ಯುತ್ತನ್ನು ಡೇಟಾ ತಂತಿಯಿಂದಲೇ ಪಡೆಯುವುದರಿಂದ, ಪವರ್ ಸಪ್ಲೈ ಸುಟ್ಟುಹೋದ ಬೋರ್ಡಿನ ಗುರುತನ್ನೂ ಓದಬಹುದು. ನಿಜ ಹೇಳಬೇಕೆಂದರೆ, ನಾವು ಇದಕ್ಕೆ ಮನಸೋತದ್ದೇ ಈ ಗುಣಕ್ಕಾಗಿ.

ಚಿಪ್ಪಿನ ಹೆಸರಿನಲ್ಲಿ ದುಡ್ಡು ಮಾಡುತ್ತಿದ್ದೇವೆ ಎಂದವರೂ ಇದ್ದಾರೆ. ಆ 60 ರೂಪಾಯಿಯಲ್ಲಿ ಚಿಪ್ಪಿನ ಪಾಲು ಪೂರ್ತಿಯಲ್ಲ: ಎಲ್ಲ ಮಾಡೆಲ್‌ಗಳ ಲೇಔಟ್ ತಿದ್ದಿಸಿ, ಬೆಸುಗೆ ಪೇಸ್ಟ್ ಹಚ್ಚುವ ಹೊಸ ಸ್ಟೆನ್ಸಿಲ್ ಮಾಡಿಸಿ, ಟೆಸ್ಟ್ ಟೇಬಲ್ಲಿಗೆ ಪೋಗೋ ಪಿನ್ನುಗಳ (ಪ್ಯಾಡಿಗೆ ಒತ್ತಿ ಹಿಡಿಯುವ ಸ್ಪ್ರಿಂಗ್ ಪಿನ್ನುಗಳ) ಜಿಗ್ ಕೂಡಿಸಿದ ಖರ್ಚೂ ಅದರಲ್ಲೇ ಹೊಂದಬೇಕು. ಹಳೆಯ ದಾಸ್ತಾನಿನ ಬೋರ್ಡುಗಳನ್ನು ಹಳೆಯ ಬೆಲೆಗೇ ಕೊಟ್ಟು ಮುಗಿಸಿದ್ದನ್ನು ಯಾರೂ ನೆನೆಯಲಿಲ್ಲ.

ಸ್ಟಿಕ್ಕರಿನ ಕಾಲದ ಬೋರ್ಡುಗಳ ವಾರಂಟಿ ಹಾಗೆಯೇ ಮುಂದುವರಿಯುತ್ತದೆ. ನಂಬರು ಅಳಿಸಿದ್ದರೆ ಬೋರ್ಡಿನ ಎರಡೂ ಬದಿಯ ಫೋಟೋ ಕಳುಹಿಸಿ; ನಮ್ಮ ರಿಜಿಸ್ಟರ್ ತೆಗೆದು ನಾವೇ ಕೂತು ಹುಡುಕುತ್ತೇವೆ.

ಇಂತಿ ನಿಮ್ಮ ವಿಶ್ವಾಸಿ,
ವ್ಯವಸ್ಥಾಪಕರು