ಕಬ್ಬಿನ ಬಿಲ್ಲು ವೀಸಾ ಏಜೆಂಟನ ಪಾಲು

ಮಾನ್ಯ ಸಂಪಾದಕರೇ,

‘ದುಬೈನಲ್ಲಿ ಎಲೆಕ್ಟ್ರಿಷಿಯನ್ ಕೆಲಸ, ತಿಂಗಳಿಗೆ 80,000, ಊಟ ವಸತಿ ಫ್ರೀ.’ ಮದ್ದೂರಿನಲ್ಲಿ ಕರೆಂಟು ಕಂಬಕ್ಕೆ ಅಂಟಿಸಿದ್ದ ಈ ಚೀಟಿ ನೋಡಿ ನನ್ನ ತಂಗಿಯ ಮಗ ಫೋನ್ ಮಾಡಿದ. ಐಟಿಐ ಮುಗಿಸಿದ ಹುಡುಗ, ಆಸೆ ಆಗದೆ ಇರುತ್ತಾ? ಏಜೆಂಟ್ ಕೇಳಿದ್ದು 1,80,000 ರೂಪಾಯಿ. ಕಬ್ಬು ಮಾರಿ ಬಂದ ಬಿಲ್ಲಿನ ದುಡ್ಡು ಪೂರ್ತಿ ಹೋಯಿತು, ಸಾಲದ್ದಕ್ಕೆ ತಂಗಿಯ ಸರ ಗಿರವಿ ಇಟ್ಟರು.

ವಾಟ್ಸ್‌ಆ್ಯಪ್‌ನಲ್ಲಿ ವೀಸಾ ಬಂತು. ಪಕ್ಕದ ಮನೆಗಳಿಗೆ ಸಿಹಿ ಹಂಚಿದ್ದೂ ಆಯಿತು. ಆಮೇಲೆ ನನಗೆ ತೋರಿಸಿದರು. ಕನ್ನಡಕ ಹಾಕಿಕೊಂಡು ಓದಿದರೆ ಅದು ಕೆಲಸದ ವೀಸಾನೇ ಅಲ್ಲ, 30 ದಿನದ ಟೂರಿಸ್ಟ್ ವೀಸಾ! ಪಾಸ್‌ಪೋರ್ಟ್ ನಂಬರಿನ ಕೊನೆಯ ಎರಡು ಅಂಕಿ ಬೇರೆ ಅದಲು ಬದಲು. ಕೇಳಿದ್ದಕ್ಕೆ ‘ಅಲ್ಲಿಗೆ ಹೋದ್ಮೇಲೆ ಚೇಂಜ್ ಮಾಡಿಸ್ಕೊಡ್ತೀವಿ’ ಅಂದ. ಮಾರನೇ ದಿನದಿಂದ ಫೋನ್ ಸ್ವಿಚ್ ಆಫ್.

ಹೊರದೇಶಕ್ಕೆ ಕೆಲಸಕ್ಕೆ ಕಳಿಸುವ ಏಜೆಂಟರು 1983ರ ವಲಸೆ ಕಾಯ್ದೆ ಪ್ರಕಾರ ಸರ್ಕಾರದಲ್ಲಿ ನೋಂದಣಿ ಮಾಡಿಸಿರಬೇಕು. ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ವೆಬ್‌ಸೈಟ್‌ನಲ್ಲಿ ಅವರ ಪಟ್ಟಿಯೇ ಇದೆ. ಅವರು ಪಡೆಯಬಹುದಾದ ಸೇವಾ ಶುಲ್ಕ 30,000 ರೂಪಾಯಿ, ಜೊತೆಗೆ ಜಿಎಸ್‌ಟಿ. ಅದಕ್ಕೂ ರಸೀದಿ ಕೊಡಬೇಕು. ಈ ಪುಣ್ಯಾತ್ಮ ದುಡ್ಡು ಹಾಕಿಸಿಕೊಂಡಿದ್ದು ಯಾರೋ ಹೆಂಗಸಿನ ಖಾತೆಗೆ.

ದುಡ್ಡು ಹೋದದ್ದಕ್ಕಿಂತ ನನಗೆ ಜಾಸ್ತಿ ಬೇಜಾರಾಗಿದ್ದು ಆಮೇಲಿನ ಹತ್ತು ದಿನ. ‘ಕಂಪ್ಲೇಂಟ್ ಬೇಡ ಕಣಣ್ಣ, ಊರಿಗೆಲ್ಲ ಗೊತ್ತಾಗುತ್ತೆ’ ಅಂತ ತಂಗಿಯದು ಒಂದೇ ಹಟ. ಹುಡುಗ ಸಿಟ್ಟಿಗೆ ಚಾಟ್ ಎಲ್ಲ ಡಿಲೀಟ್ ಮಾಡಿ ಕೂತಿದ್ದ. ದುಡ್ಡು ಹೋದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ದರೆ ಬ್ಯಾಂಕಿನಲ್ಲೇ ತಡೆಹಿಡಿಸುವ ಅವಕಾಶವಾದರೂ ಇರುತ್ತಿತ್ತು. ನಾವು ಮರ್ಯಾದೆ ಕಾಪಾಡಿಕೊಳ್ಳುತ್ತಿದ್ದ ಆ ಹತ್ತು ದಿನದಲ್ಲಿ ಪಕ್ಕದೂರಿನ ಇನ್ನಿಬ್ಬರು ಅದೇ ಖಾತೆಗೆ ದುಡ್ಡು ಹಾಕಿದ್ದಾರೆ. ಅವರಲ್ಲಿ ಒಬ್ಬ ಹಸು ಮಾರಿದ್ದನಂತೆ.

ಹುಡುಗ ವಿಮಾನ ಹತ್ತದೆ ಉಳಿದದ್ದೇ ದೊಡ್ಡದು ಬಿಡಿ. ಡೇಟಾ ಎಂಟ್ರಿ ಕೆಲಸ ಅಂತ ಕಾಂಬೋಡಿಯಾ, ಮ್ಯಾನ್ಮಾರ್‌ಗೆ ಹೋದವರನ್ನು ಕೂಡಿಹಾಕಿ ಆನ್‌ಲೈನ್ ಮೋಸಕ್ಕೆ ದುಡಿಸಿಕೊಂಡದ್ದನ್ನು ಪೇಪರಿನಲ್ಲಿ ಓದಿದ್ದೇವಲ್ಲ.

ಜಿಲ್ಲೆಯ ಐಟಿಐಗಳಲ್ಲಿ, ಗ್ರಾಮ ಪಂಚಾಯಿತಿ ಬೋರ್ಡುಗಳಲ್ಲಿ ಇ-ಮೈಗ್ರೇಟ್ ವಿಳಾಸ ಮತ್ತು 1930 ನಂಬರನ್ನು ದೊಡ್ಡದಾಗಿ ಬರೆಸಲಿ. ಇದಕ್ಕೆ ಬಣ್ಣದ ಖರ್ಚು ಬಿಟ್ಟರೆ ಬೇರೇನೂ ಬೇಡ. ನಿನ್ನೆ ಅದೇ ಕಂಬದ ಮೇಲೆ ಹೊಸ ಚೀಟಿ ಇತ್ತು, ನಂಬರ್ ಮಾತ್ರ ಬೇರೆ. ಫೋಟೋ ತೆಗೆದು ಸ್ಟೇಷನ್ನಿಗೆ ಕೊಟ್ಟು ಬಂದಿದ್ದೇನೆ.

– ಒಬ್ಬ ಓದುಗ, ಮದ್ದೂರು ತಾಲ್ಲೂಕು, ಮಂಡ್ಯ ಜಿಲ್ಲೆ